ಹುಟ್ಟು ಗೊತ್ತಿಲ್ಲದ ಭಾಷೆಗೆ ಬದುಕುವ ಹಕ್ಕಿಲ್ವಾ?

ತುರುವನೂರು ಅನ್ನೋ ಹೆಸರಲ್ಲಿ ‘ತುರು’ ಅಂತ ಒಂದು ಪದ ಕಾಣುತ್ತೆ. ಹಳಗನ್ನಡದಲ್ಲಿ ತುರು ಅಂದ್ರೆ ದನ. ಚಿತ್ರದುರ್ಗ ತಾಲ್ಲೂಕಿನ ಈ ಊರಲ್ಲಿ ಇವತ್ತೂ ಹಸು ಇದೆ, ಎತ್ತು ಇದೆ, ಎಮ್ಮೆ ಇದೆ. ಆದರೆ ‘ನಮ್ಮ ತುರು ಕರು ಹಾಕಿದೆ’ ಅಂತ ಹೇಳೋರು ಯಾರೂ ಇಲ್ಲ. ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ ಕಾದಾಡಿ ಸತ್ತವರ ವೀರಗಲ್ಲುಗಳಲ್ಲಿ ಆ ಪದ ಇದೆ. ಬಸ್ಸಿನ ಬೋರ್ಡಿನಲ್ಲಿ ಇದೆ. ಜನರ ಬಾಯಲ್ಲಿ ಮಾತ್ರ ಇಲ್ಲ.

ಒಂದು ಪದ ಸತ್ತರೆ ದೊಡ್ಡ ನಷ್ಟವೇನಲ್ಲ. ತುರು ಹೋದ ಜಾಗಕ್ಕೆ ದನ, ಹಸು ಬಂದವು. ಕನ್ನಡ ಉಳಿದಿರೋದ್ರಿಂದ ತುರು ಅಂದ್ರೇನು ಅಂತ ನಿಘಂಟು ತೆಗೆದು ನೋಡಬಹುದು. ಆದರೆ ಇಡೀ ಭಾಷೆಯೇ ಹೋದ್ರೆ? ಆಗ ಉಳಿಯೋದು ಒಂದೆರಡು ಹೆಸರು ಮಾತ್ರ. ಆ ಹೆಸರಿನ ಅರ್ಥ ಹೇಳೋಕೂ ಯಾರೂ ಇರಲ್ಲ, ಅದು ಯಾವ ಭಾಷೆಯದು ಅಂತ ಹೇಳೋಕೂ ಯಾರೂ ಇರಲ್ಲ.

ಇದು ಬರೀ ಇತಿಹಾಸದ ಮಾತಲ್ಲ. 2027ರ ಜನಗಣತಿಯಲ್ಲಿ ‘ನಿಮ್ಮ ಮಾತೃಭಾಷೆ ಯಾವುದು’ ಅಂತ ದೇಶದ ಪ್ರತಿಯೊಬ್ಬರನ್ನೂ ಕೇಳಬೇಕಾಗುತ್ತೆ. ಆ ಒಂದು ಕಾಲಂ ಕರ್ನಾಟಕದ ಕೆಲವು ಭಾಷೆಗಳ ಪಾಲಿಗೆ ಬದುಕಿರುವುದಕ್ಕೆ ಸಿಗುವ ಏಕೈಕ ಸರ್ಕಾರಿ ಸಾಕ್ಷಿ. ಕಳೆದ ಸಲ ಆ ಕಾಲಂನಲ್ಲಿ ಏನಾಯ್ತು ಅನ್ನೋದು ತಿಳಿದಿದ್ರೆ ಈ ಸಲ ಏನು ಕೇಳಬೇಕು ಅನ್ನೋದು ಗೊತ್ತಾಗುತ್ತೆ.

ಬ್ರಹ್ಮಗಿರಿಯ ಬಂಡೆ ಹೇಳದೇ ಇದ್ದದ್ದು

ಮೊದಲು ನಮ್ಮ ಜಿಲ್ಲೆಯಿಂದಲೇ ಶುರು ಮಾಡೋಣ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ – ಈ ಮೂರು ಕಡೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಇವನ್ನು ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ, ಅಂದ್ರೆ ಅಧಿಕಾರಿಗಳಿಗೆ ಹೋದ ಆದೇಶ ಅದು. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಕೆತ್ತಿದ ಲಿಪಿಕಾರನ ಹೆಸರು ಚಪಡ. ತಾನು ಲಿಪಿಕಾರ ಅನ್ನೋದನ್ನು ಅವನು ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಇವತ್ತಿನ ಲೆಕ್ಕದಲ್ಲಿ ಹೇಳೋದಾದ್ರೆ, ದೂರದ ರಾಜಧಾನಿಯ ಭಾಷೆಯಲ್ಲಿ ಬಂದ ಸರ್ಕ್ಯುಲರ್ ಅದು.

ಆ ಬಂಡೆಯ ಸುತ್ತಮುತ್ತ ಆಗಲೇ ಜನ ಇದ್ರು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಯಲ್ಲಿ ಉತ್ಖನನ ಮಾಡಿದಾಗ ನುಣುಪಾದ ಕಲ್ಲಿನ ಕೊಡಲಿ ಬಳಸುತ್ತಿದ್ದವರು, ದೊಡ್ಡ ಕಲ್ಲುಗಳ ಸಮಾಧಿ ಕಟ್ಟುತ್ತಿದ್ದವರು – ಹೀಗೆ ಪದರ ಪದರವಾಗಿ ಬದುಕಿನ ಕುರುಹುಗಳು ಸಿಕ್ಕವು. ಮಡಕೆ ಸಿಕ್ಕಿತು, ಮೂಳೆ ಸಿಕ್ಕಿತು, ಆಯುಧ ಸಿಕ್ಕಿತು. ಮಾತು ಸಿಗಲಿಲ್ಲ. ಮಾತು ಮಣ್ಣಲ್ಲಿ ಉಳಿಯೋ ವಸ್ತು ಅಲ್ಲ.

ಉಳಿದದ್ದು ಒಂದು ಹೆಸರು: ಇಸಿಲ. ಇದು ಪ್ರಾಕೃತದ ಪದದ ಥರ ಕಾಣಲ್ಲ. ದ್ರಾವಿಡ ಪದ ಇರಬೇಕು, ಕನ್ನಡದ್ದೇ ಇರಬೇಕು ಅಂತ ವಾದಿಸಿದ ವಿದ್ವಾಂಸರಿದ್ದಾರೆ. ಕನ್ನಡ ಎಷ್ಟು ಹಳೆಯದು ಅನ್ನೋ ಚರ್ಚೆ ಬಂದಾಗೆಲ್ಲ ಈ ಪದ ಹೊರಗೆ ಬರುತ್ತೆ. 2008ರ ಅಕ್ಟೋಬರ್ 31ರಂದು ಕನ್ನಡಕ್ಕೆ ಶಾಸ್ತ್ರೀಯ ಸ್ಥಾನಮಾನ ಸಿಕ್ಕಿತು. ಅದಕ್ಕಾಗಿ ನಡೆದ ಹೋರಾಟದಲ್ಲಿ ನಮ್ಮ ಪ್ರಾಚೀನತೆಯೇ ಮುಖ್ಯ ಅಸ್ತ್ರವಾಗಿತ್ತು.

ಇಲ್ಲಿ ಒಂದು ವಿಷಯ ಗಮನಿಸಿ. ಕನ್ನಡದಂಥ ದೊಡ್ಡ ಭಾಷೆಗೆ ‘ಹುಟ್ಟು ಯಾವಾಗ ಅಂತ ಸರಿಯಾಗಿ ಗೊತ್ತಿಲ್ಲ’ ಅನ್ನೋದು ಹೆಮ್ಮೆಯ ವಿಷಯ. ಗೊತ್ತಿಲ್ಲ ಅಂದ್ರೆ ಅಷ್ಟು ಹಳೆಯದು ಅಂತ ಅರ್ಥ. ಅದೇ ಮಾತನ್ನು ಸಣ್ಣ ಭಾಷೆಗೆ ಹೇಳಿದಾಗ ಅರ್ಥ ತಿರುಗುಮುರುಗಾಗುತ್ತೆ. ‘ಅದರ ಮೂಲ ಸ್ಪಷ್ಟವಿಲ್ಲ, ಅದು ಭಾಷೆಯೋ ಉಪಭಾಷೆಯೋ ತೀರ್ಮಾನ ಆಗಿಲ್ಲ’ ಅಂತ ಕಡತ ಪಕ್ಕಕ್ಕೆ ಸರಿಯುತ್ತೆ. ದೊಡ್ಡವರಿಗೆ ಪದವಿ ತಂದುಕೊಡುವ ಅನುಮಾನವೇ ಸಣ್ಣವರಿಗೆ ಅಳಿವಿನ ನೆಪ ಆಗುತ್ತೆ.

ದೈವ ಬೇಕು, ಭಾಷೆ ಬೇಡ

ಇದಕ್ಕೆ ಕರ್ನಾಟಕದಲ್ಲಿ ಎಲ್ಲಕ್ಕಿಂತ ಸ್ಪಷ್ಟ ಉದಾಹರಣೆ ಘಟ್ಟದ ಕೆಳಗಿದೆ. ದಕ್ಷಿಣ ಕನ್ನಡ, ಉಡುಪಿ, ಗಡಿ ದಾಟಿದರೆ ಕಾಸರಗೋಡು – ಇಲ್ಲಿನ ಕೊರಗ ಸಮುದಾಯದ ಭಾಷೆ.

ಕೊರಗಜ್ಜನ ಹೆಸರು ಇವತ್ತು ಕರಾವಳಿಗೆ ಮಾತ್ರ ಸೀಮಿತ ಅಲ್ಲ. ಬೆಂಗಳೂರಿನ ಕ್ಯಾಬ್‌ಗಳ ಗಾಜಿನ ಮೇಲೂ ಇದೆ. ಕಳೆದುಹೋದ ಮೊಬೈಲ್ ಸಿಗಲಿ ಅಂತ ಚಕ್ಕುಲಿ, ವೀಳ್ಯದೆಲೆ ಹರಕೆ ಹೇಳಿಕೊಳ್ಳೋ ಐಟಿ ಹುಡುಗರಿದ್ದಾರೆ. ಆ ಅಜ್ಜ ಕೊರಗ ತನಿಯ, ಕೊರಗರ ಮನೆಯ ಹುಡುಗ. ಅವನು ಹುಟ್ಟಿದ ಸಮುದಾಯಕ್ಕೆ ತನ್ನದೇ ಒಂದು ಭಾಷೆ ಇದೆ ಅನ್ನೋದು ಹರಕೆ ಹೊತ್ತವರಲ್ಲಿ ಎಷ್ಟು ಜನಕ್ಕೆ ಗೊತ್ತು? ತುಳು ಮಾತಾಡ್ತಾರೆ ಅಂತಲೇ ಬಹಳ ಜನ ಅಂದುಕೊಂಡಿರ್ತಾರೆ. ತುಳು ಮಾತಾಡ್ತಾರೆ ನಿಜ, ಕೆಲವು ಕಡೆ ಕನ್ನಡ ಮಾತಾಡ್ತಾರೆ. ಅದರ ಜೊತೆಗೆ ಮನೆಯೊಳಗೆ ಇನ್ನೊಂದು ಮಾತಿದೆ.

ಆ ಮಾತು ಹೊರಗೆ ಕೇಳದೇ ಇರೋದಕ್ಕೆ ಕಾರಣ ಹುಡುಕಲು ಭಾಷಾವಿಜ್ಞಾನ ಓದಬೇಕಿಲ್ಲ. ಬುಟ್ಟಿ ಹೆಣೆಯೋ ಈ ಜನರನ್ನು ಅಸ್ಪೃಶ್ಯರಲ್ಲೇ ಅತ್ಯಂತ ಕೆಳಗೆ ಇಟ್ಟಿದ್ದ ಸಮಾಜ ನಮ್ಮದು. ರಸ್ತೆಯ ಮೇಲೆ ಇವರ ಉಗುಳು ಬೀಳಬಾರದು ಅಂತ ಕುತ್ತಿಗೆಗೆ ಅಂಡೆ ಕಟ್ಟಿಸುತ್ತಿದ್ದರು. ಹಳೆಯ ಬರಹಗಳು ‘ಅಂಡೆ ಕೊರಗ’ ಅನ್ನೋ ಹೆಸರಿಗೆ ಕೊಡೋ ವಿವರಣೆ ಇದೇ. ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸಿ ತಮ್ಮ ಮನೆಯ ಕೇಡನ್ನು ಅವರ ಮೇಲೆ ದಾಟಿಸುವ ‘ಅಜಲು’ ಪದ್ಧತಿ ಇತ್ತು. ಅದನ್ನು ನಿಷೇಧಿಸೋಕೆ ಕರ್ನಾಟಕಕ್ಕೆ 2000ನೇ ಇಸವಿಯಲ್ಲಿ ಪ್ರತ್ಯೇಕ ಕಾಯ್ದೆಯೇ ಬೇಕಾಯ್ತು. ಉಗುಳಿಗೇ ದಾರಿ ಇಲ್ಲದ ಊರಲ್ಲಿ ಮಾತಿಗೆ ದಾರಿ ಎಲ್ಲಿಂದ ಬರಬೇಕು? ಬೀದಿಯಲ್ಲಿ ಕೊರಗ ಭಾಷೆ ಆಡಿದ್ರೆ ತಾನು ಯಾರು ಅಂತ ಎಲ್ಲರಿಗೂ ಗೊತ್ತಾಗುತ್ತೆ. ಗೊತ್ತಾಗದೇ ಇರಲಿ ಅನ್ನಿಸೋ ಹಾಗೆ ಬದುಕಿದ ಜನ ಮಕ್ಕಳಿಗೆ ತುಳು, ಕನ್ನಡ ಕಲಿಸಿದ್ರೆ ಅದು ಅವರ ತಪ್ಪಲ್ಲ.

ಭಾಷೆ ತಾನಾಗಿ ಸಾಯುತ್ತೆ ಅನ್ನೋ ಮಾತು ಇದಕ್ಕೇ ನನಗೆ ಒಪ್ಪಿಗೆ ಆಗಲ್ಲ. ತುರು ತಾನಾಗಿ ಸತ್ತಿರಬಹುದು. ಕೊರಗ ಭಾಷೆ ಕುಗ್ಗಿದ್ದರ ಹಿಂದೆ ಜಾತಿ ಇದೆ.

ಮೂಲ ಹುಡುಕುವ ಆಟ

ಈ ಭಾಷೆಯ ಬಗ್ಗೆ ಸರಿಯಾದ ಮೊದಲ ಪುಸ್ತಕ ಬಂದದ್ದು 1971ರಲ್ಲಿ. ಪುಣೆಯ ಡೆಕ್ಕನ್ ಕಾಲೇಜು ಪ್ರಕಟಿಸಿತು, ಬರೆದವರು ಡಿ.ಎನ್. ಶಂಕರ ಭಟ್. ಕನ್ನಡದಲ್ಲಿ ಮಹಾಪ್ರಾಣ ಬೇಡ ಅಂತ ವಾದಿಸಿ ಬೈಸಿಕೊಂಡ ಅದೇ ಶಂಕರ ಭಟ್ಟರು. ಕೊರಗ ಅನ್ನೋದು ತುಳುವಿನ ಕೆಟ್ಟುಹೋದ ರೂಪ ಅಲ್ಲ, ತನ್ನದೇ ವ್ಯಾಕರಣ ಇರೋ ಭಾಷೆ ಅಂತ ಅವರು ತೋರಿಸಿದರು. ಜೊತೆಗೆ ಒಂದು ಕುತೂಹಲದ ಮಾತನ್ನೂ ಹೇಳಿದರು: ಈ ಭಾಷೆಯ ಕೆಲವು ಲಕ್ಷಣಗಳು ಪಕ್ಕದ ತುಳು, ಕನ್ನಡಕ್ಕಿಂತ ದೂರದ ಉತ್ತರ ದ್ರಾವಿಡ ಭಾಷೆಗಳನ್ನು ನೆನಪಿಸುತ್ತವೆ.

ಉತ್ತರ ದ್ರಾವಿಡ ಅಂದ್ರೆ ಜಾರ್ಖಂಡ್ ಕಡೆಯ ಕುಡುಖ್, ಅಲ್ಲೇ ರಾಜಮಹಲ್ ಬೆಟ್ಟಗಳ ಮಾಲ್ತೋ, ಬಲೂಚಿಸ್ತಾನದ ಬ್ರಾಹುಯಿ. ಉಡುಪಿ ಎಲ್ಲಿ, ರಾಂಚಿ ಎಲ್ಲಿ! ಇದಕ್ಕೆ ಇನ್ನೊಂದು ತುದಿಯಿಂದ ಕತೆ ಬಂದು ಸೇರುತ್ತೆ. ಕುಡುಖ್ ಆಡುವ ಒರಾಂವ್ ಆದಿವಾಸಿಗಳಲ್ಲಿ ತಮ್ಮ ಹಿರಿಯರು ಕರ್ನಾಟ ದೇಶದಿಂದ ಹೊರಟು, ನರ್ಮದೆಯ ದಾರಿ ಹಿಡಿದು, ಬಿಹಾರದ ಸೋನ್ ನದಿ ಸೀಮೆಗೆ ಬಂದರು ಅನ್ನೋ ನಂಬಿಕೆ ಇದ್ದದ್ದನ್ನು ಗ್ರಿಯರ್ಸನ್ ಸಂಪಾದಿಸಿದ ಭಾರತದ ಭಾಷಾ ಸಮೀಕ್ಷೆ ನೂರು ವರ್ಷಕ್ಕೂ ಹಿಂದೆಯೇ ದಾಖಲಿಸಿದೆ. ಎರಡನ್ನೂ ಜೋಡಿಸಿದ್ರೆ ಯೂಟ್ಯೂಬ್ ವಿಡಿಯೋಗೆ ಒಳ್ಳೇ ಥಂಬ್‌ನೇಲ್ ಸಿಗುತ್ತೆ. ಕೊರಗರ ಬಾಯಲ್ಲೇ ಇರೋ ಇನ್ನೊಂದು ಕತೆಯನ್ನೂ ಸೇರಿಸಬಹುದು: ಹುಬಾಶಿಕ ಅನ್ನೋ ತಮ್ಮ ದೊರೆ ಕದಂಬರನ್ನು ಓಡಿಸಿ ತುಳುನಾಡು ಆಳಿದ, ಅವನನ್ನು ಮೋಸದಿಂದ ಕೊಂದ ಮೇಲೆ ಅವನ ಜನ ಕಾಡು ಸೇರಬೇಕಾಯ್ತು.

ಕದಂಬ ಮಯೂರಶರ್ಮನ ಶಾಸನ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿದೆ. ಕೆರೆ ಕಟ್ಟಿಸಿದ್ದು, ಯಾರು ಯಾರನ್ನು ಗೆದ್ದದ್ದು ಅನ್ನೋದನ್ನೆಲ್ಲ ಆತ ಬಂಡೆ ಮೇಲೆ ಪ್ರಾಕೃತದಲ್ಲಿ ಬರೆಸಿದ್ದಾನೆ. ಹುಬಾಶಿಕನಿಗೆ ಬಂಡೆ ಇಲ್ಲ, ಬಾಯಿ ಮಾತ್ರ ಇದೆ. ಹಾಗಂತ ಹುಬಾಶಿಕನ ಕತೆಯನ್ನು ಇತಿಹಾಸ ಅಂತ ಒಪ್ಪಬೇಕಿಲ್ಲ. ಆದರೆ ಬರವಣಿಗೆ ಇದ್ದವರ ಮೂಲ ‘ಇತಿಹಾಸ’ ಆಗುತ್ತೆ, ಇಲ್ಲದವರ ಮೂಲ ‘ದಂತಕತೆ’ ಆಗುತ್ತೆ ಅನ್ನೋದನ್ನು ಮರೀಬಾರದು.

ಇನ್ನು ಭಾಷೆಯ ವಿಷಯಕ್ಕೆ ಬಂದ್ರೆ, ವಿದ್ವಾಂಸರಲ್ಲಿ ಒಮ್ಮತ ಇಲ್ಲ. ಭದ್ರಿರಾಜು ಕೃಷ್ಣಮೂರ್ತಿ 2003ರ ತಮ್ಮ ದೊಡ್ಡ ಗ್ರಂಥದಲ್ಲಿ ಕೊರಗವನ್ನು ದಕ್ಷಿಣ ದ್ರಾವಿಡದಲ್ಲಿ, ತುಳುವಿನ ಪಕ್ಕದಲ್ಲೇ ಇಡುತ್ತಾರೆ. ಎರಡು ಭಾಷೆಗಳಲ್ಲಿ ಒಂದೇ ಹಳೆಯ ಲಕ್ಷಣ ಉಳಿದಿದ್ರೆ ಅವು ಒಡಹುಟ್ಟು ಆಗಬೇಕು ಅಂತಿಲ್ಲ. ದೂರ ದೂರದ ಎರಡು ಹಳ್ಳಿಯಲ್ಲಿ ಒಂದೇ ಥರದ ಒನಕೆ ಉಳಿದಿದೆ ಅಂದ ಮಾತ್ರಕ್ಕೆ ಅವರು ಅಣ್ಣತಮ್ಮಂದಿರು ಅಂತ ಹೇಳೋಕಾಗಲ್ಲ. ಉಳಿದ ಕಡೆ ಮಿಕ್ಸಿ ಬಂದಿರುತ್ತೆ, ಅಷ್ಟೇ.

ಒಂದು ನಾಯಿ ಕಲಿಸುವ ಪಾಠ

ಮೂಲ ಹುಡುಕುವವರು ಎಷ್ಟು ಎಚ್ಚರವಾಗಿರಬೇಕು ಅನ್ನೋದಕ್ಕೆ ಆಸ್ಟ್ರೇಲಿಯಾದ ಒಂದು ಪ್ರಸಂಗ ಹೇಳಬೇಕು. ಆ ಖಂಡಕ್ಕೂ ನಮಗೂ ಒಂದು ಹಳೆಯ ನಂಟು ಕಟ್ಟಲಾಗಿತ್ತು. 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದ ರಾಬರ್ಟ್ ಕಾಲ್ಡ್‌ವೆಲ್, ನಮ್ಮ ‘ನಾನು–ನೀನು’ ಥರದ ಸರ್ವನಾಮಗಳಿಗೂ ಆಸ್ಟ್ರೇಲಿಯಾದ ಮೂಲನಿವಾಸಿಗಳ ಸರ್ವನಾಮಗಳಿಗೂ ಹೋಲಿಕೆ ಇದೆ ಅಂದಿದ್ದರು. ಆಮೇಲೆ ಹಕ್ಸ್‌ಲೀಯಂಥವರು ದಕ್ಷಿಣ ಭಾರತದವರನ್ನೂ ಆಸ್ಟ್ರೇಲಿಯಾದವರನ್ನೂ ಒಂದೇ ಜನಾಂಗದ ಡಬ್ಬಿಗೆ ಹಾಕಿದರು. ಆ ಭಾಷಾ ನಂಟನ್ನು ಇವತ್ತಿನ ಭಾಷಾವಿಜ್ಞಾನಿಗಳು ಸಾಬೀತಾದದ್ದು ಅಂತ ಒಪ್ಪೋದಿಲ್ಲ.

ಅದೇ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಮ್ಬಬಾರಮ್ ಅಂತ ಒಂದು ಭಾಷೆ ಇತ್ತು. ಸುತ್ತಲಿನ ಯಾವ ಭಾಷೆಗೂ ಹೋಲದ ಹಾಗೆ ಕೇಳ್ತಿತ್ತು. ಅದನ್ನಾಡುವವರು ಬೇರೆ ಕಾಲದಲ್ಲಿ ಬಂದ ಬೇರೆಯೇ ಜನ ಅನ್ನೋ ಸಿದ್ಧಾಂತವೂ ಹುಟ್ಟಿತ್ತು. 1960ರ ದಶಕದಲ್ಲಿ ಆರ್.ಎಂ.ಡಬ್ಲ್ಯು. ಡಿಕ್ಸನ್ ಅನ್ನೋ ಭಾಷಾವಿಜ್ಞಾನಿ ಆ ಭಾಷೆ ಬಲ್ಲ ಕೊನೆಯವರಲ್ಲಿ ಒಬ್ಬರಾದ ಆಲ್ಬರ್ಟ್ ಬೆನೆಟ್ ಅವರನ್ನು ಹುಡುಕಿಕೊಂಡು ಹೋದರು. ನಾಯಿಗೆ ನಿಮ್ಮ ಭಾಷೆಯಲ್ಲಿ ಏನಂತಾರೆ ಅಂತ ಕೇಳಿದ್ರೆ ಬಂದ ಉತ್ತರ: ‘ಡಾಗ್’.

ಇಂಗ್ಲಿಷಿನಿಂದ ಬಂದ ಪದ ಅಂತ ಯಾರಿಗಾದ್ರೂ ಅನ್ನಿಸುತ್ತೆ. ಅಲ್ಲ. ಹತ್ತಿರದ ಯಿಡಿನ್ ಭಾಷೆಯಲ್ಲಿ ನಾಯಿಗೆ ‘ಗುದಗ’ ಅಂತಾರೆ. ಮ್ಬಬಾರಮ್‌ನಲ್ಲಿ ಕಾಲಾಂತರದಲ್ಲಿ ಪದಗಳ ಮೊದಲ ಭಾಗ ಬಿದ್ದುಹೋಗಿ, ಸ್ವರ ಬದಲಾಗಿ, ಕೊನೆಯ ಸ್ವರವೂ ಉದುರಿ ‘ಗುದಗ’ ಹೋಗಿ ‘ಡಾಗ್’ ಆಗಿತ್ತು. ಇಂಗ್ಲಿಷಿನ ಪದದ ಜೊತೆ ಹೋಲಿಕೆ ಶುದ್ಧ ಕಾಕತಾಳೀಯ. ಈ ಒಂದು ಸೂತ್ರ ಕೈಗೆ ಸಿಕ್ಕ ಮೇಲೆ ಉಳಿದ ಪದಗಳೂ ಬಿಡಿಸಿಕೊಂಡವು. ಎಲ್ಲಿಂದಲೋ ಬಂದ ವಿಚಿತ್ರ ಭಾಷೆ ಅಂದುಕೊಂಡದ್ದು ಪಕ್ಕದ ಮನೆಯ ನೆಂಟನೇ ಆಗಿತ್ತು.

ಇದರಲ್ಲಿ ಎರಡು ಪಾಠ ಇವೆ. ಒಂದು, ನಾಲ್ಕು ಪದದ ಹೋಲಿಕೆ ಇಟ್ಟುಕೊಂಡು ಮೂಲ ತೀರ್ಮಾನ ಮಾಡಬಾರದು. ವಾಟ್ಸಾಪ್‌ನಲ್ಲಿ ಬರೋ ‘ಜಪಾನಿ ಭಾಷೆಗೂ ನಮ್ಮ ಭಾಷೆಗೂ ಸಂಬಂಧ’ ಥರದ ಸಂದೇಶಗಳಿಗೂ ಇದು ಅನ್ವಯ. ಎರಡನೆಯದು ಇನ್ನೂ ಮುಖ್ಯ: ಆ ಒಗಟು ಬಿಡಿಸಿದ್ದು ಬೆನೆಟ್ ಬದುಕಿದ್ದರಿಂದ. 1972ರಲ್ಲಿ ಅವರು ತೀರಿಕೊಂಡರು. ಕೇಳೋಕೆ ಹೋಗುವುದು ಹತ್ತು ವರ್ಷ ತಡವಾಗಿದ್ರೆ ಮ್ಬಬಾರಮ್ ‘ಮೂಲ ಗೊತ್ತಿಲ್ಲದ ಭಾಷೆ’ಯಾಗಿಯೇ ಉಳಿದುಬಿಡುತ್ತಿತ್ತು.

ನಮ್ಮ ದೇಶದಲ್ಲೇ ಅಂಥ ಬಾಗಿಲು ಮುಚ್ಚಿದ ದಿನ ನೆನಪಿದೆ. ಅಂಡಮಾನಿನ ಬೋ ಭಾಷೆಯ ಕೊನೆಯ ಮಾತುಗಾರ್ತಿ ಬೋವಾ ಸೀನಿಯರ್ ತೀರಿಕೊಂಡದ್ದು 2010ರ ಜನವರಿ 26ರಂದು, ಗಣರಾಜ್ಯೋತ್ಸವದ ದಿನ. ಅನ್ವಿತಾ ಅಬ್ಬಿ ಅವರಂಥ ಭಾಷಾವಿಜ್ಞಾನಿಗಳು ಧ್ವನಿಮುದ್ರಿಸಿಕೊಂಡದ್ದು ಉಳಿಯಿತು. ಪ್ರಶ್ನೆ ಕೇಳಿದರೆ ಉತ್ತರ ಕೊಡೋ ಬಾಯಿ ಹೋಯಿತು.

ನಾವು ಕ್ರಮವನ್ನೇ ತಪ್ಪಿಟ್ಟುಕೊಂಡಿದ್ದೀವಿ. ಮೂಲ ಗೊತ್ತಾದ ಮೇಲೆ ಮಾನ್ಯತೆ, ಮಾನ್ಯತೆ ಸಿಕ್ಕ ಮೇಲೆ ದಾಖಲಾತಿ ಅಂತೀವಿ. ಆದರೆ ಮೂಲ ಗೊತ್ತಾಗಬೇಕಾದ್ರೆ ಮೊದಲು ಭಾಷೆ ಬದುಕಿರಬೇಕು. ಬದುಕಿರಬೇಕಾದ್ರೆ ಲೆಕ್ಕದಲ್ಲಿರಬೇಕು.

ಕಟ್-ಆಫ್ ಹತ್ತು ಸಾವಿರ

ಈಗ ಲೆಕ್ಕಕ್ಕೆ ಬರೋಣ. 2011ರ ಜನಗಣತಿಯಲ್ಲಿ ಜನ ಬರೆಸಿದ ಮಾತೃಭಾಷೆಗಳ ಹೆಸರು ಒಟ್ಟು 19,569. ಕಾಗುಣಿತದ ವ್ಯತ್ಯಾಸ, ಜಾತಿಯ ಹೆಸರು, ಊರಿನ ಹೆಸರು ಎಲ್ಲ ಅದರಲ್ಲಿ ಸೇರಿರುತ್ತೆ. ಅದನ್ನು ಸೋಸಿ 1,369 ಮಾತೃಭಾಷೆ ಅಂತ ಮಾಡಿದರು. ಇನ್ನೂ 1,474 ಹೆಸರುಗಳನ್ನು ‘ವರ್ಗೀಕರಿಸದ’ ಗುಂಪಿಗೆ ತಳ್ಳಿದರು. ಆ 1,369ರಲ್ಲಿ 10,000ಕ್ಕಿಂತ ಹೆಚ್ಚು ಜನ ಆಡುವ 270 ಮಾತ್ರ ಪ್ರಕಟವಾದ ಪಟ್ಟಿಗೆ ಬಂದವು. ಆ 270ನ್ನೂ ಗುಂಪು ಮಾಡಿ 121 ‘ಭಾಷೆ’ ಅಂತ ಕರೆದರು. 1961ರಲ್ಲಿ 1,652 ಮಾತೃಭಾಷೆಗಳ ಪಟ್ಟಿ ಕೊಟ್ಟಿದ್ದ ದೇಶ ಇದು. ಹತ್ತು ಸಾವಿರದ ಕಟ್-ಆಫ್ ಬಂದದ್ದು 1971ರಲ್ಲಿ.

121ರ ಆ ಪಟ್ಟಿಯಲ್ಲಿ ತುಳು ಇದೆ, ಕೊಡವ ಇದೆ. ಕೊರಗ ಇಲ್ಲ. ಇರೋಕೆ ಹೇಗೆ ಸಾಧ್ಯ? ಕರ್ನಾಟಕದಲ್ಲಿ ಸಮುದಾಯದ ಜನಸಂಖ್ಯೆಯೇ ಸುಮಾರು 15 ಸಾವಿರ. ಅವರಲ್ಲಿ ಮೂರರಲ್ಲಿ ಒಂದು ಭಾಗ ‘ತುಳು’ ಅಂತಲೋ ‘ಕನ್ನಡ’ ಅಂತಲೋ ಬರೆಸಿದ್ರೆ ಸಾಕು, ಸಂಖ್ಯೆ ಕಟ್-ಆಫ್ ಹತ್ತಿರ ಬಂದು ನಿಲ್ಲುತ್ತೆ. ಅದಕ್ಕಿಂತ ಸ್ವಲ್ಪ ಹೆಚ್ಚಾದ್ರೆ ಭಾಷೆ ಅಧಿಕೃತವಾಗಿ ಮಾಯ. ಯಾರೂ ಸಾಯಬೇಕಿಲ್ಲ. ಒಂದು ಸ್ಪ್ರೆಡ್‌ಶೀಟ್ ಫಿಲ್ಟರ್ ಸಾಕು.

ವಿಪರ್ಯಾಸ ನೋಡಿ. ಇದೇ ಕೇಂದ್ರ ಸರ್ಕಾರ ಕೊರಗ ಮತ್ತು ಜೇನುಕುರುಬರನ್ನು ಕರ್ನಾಟಕದ ‘ವಿಶೇಷವಾಗಿ ದುರ್ಬಲ ಬುಡಕಟ್ಟು’ ಅಂತ ಗುರುತಿಸಿದೆ. ಹತ್ತು ಸಾವಿರಕ್ಕಿಂತ ಕಡಿಮೆ ಜನ ಆಡುವ ಭಾಷೆಗಳನ್ನು ದಾಖಲಿಸೋಕೆ ಅಂತಲೇ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದಲ್ಲಿ 2013ರಿಂದ ಒಂದು ಯೋಜನೆ ಇದೆ. ಒಂದು ಇಲಾಖೆ ‘ನಿಮ್ಮ ಸಂಖ್ಯೆ ಕಡಿಮೆ, ಅದಕ್ಕೇ ರಕ್ಷಿಸ್ತೀವಿ’ ಅನ್ನುತ್ತೆ. ಇನ್ನೊಂದು ‘ಸಂಖ್ಯೆ ಕಡಿಮೆ, ಅದಕ್ಕೇ ತೋರಿಸಲ್ಲ’ ಅನ್ನುತ್ತೆ. ತೋರಿಸದೇ ಇದ್ದದ್ದು ಏರುತ್ತಿದೆಯೋ ಇಳಿಯುತ್ತಿದೆಯೋ ಹೊರಗಿನವರು ಅಳೆಯೋದು ಹೇಗೆ? ಧಾರವಾಡದಲ್ಲಿ ನೆಲೆಸಿರುವ ಗಣೇಶ್ ದೇವಿ ಅವರ ನೇತೃತ್ವದ ಭಾರತೀಯ ಜನಭಾಷಾ ಸಮೀಕ್ಷೆ 780 ಭಾಷೆಗಳನ್ನು ಎಣಿಸಿದ್ದು ಈ ಕುರುಡುತನಕ್ಕೆ ಕೊಟ್ಟ ಉತ್ತರ. ಅದು ಸರ್ಕಾರ ಮಾಡಿದ್ದಲ್ಲ, ಸಾವಿರಾರು ಸ್ವಯಂಸೇವಕರು ಮಾಡಿದ್ದು.

ಹಿಂದಿಗೆ ಬೈಯುವ ಮುಂಚೆ ಕನ್ನಡಿ

ತುರುವನೂರಿಗೆ ವಾಪಸ್ ಬರೋಣ. ಚಿತ್ರದುರ್ಗ ಜಿಲ್ಲೆಯ ತಾಂಡಾಗಳಲ್ಲಿ ಲಂಬಾಣಿ ಆಡ್ತಾರೆ. ಆ ಭಾಷೆ ಜನಗಣತಿಯಲ್ಲಿ ಎಲ್ಲಿದೆ ಗೊತ್ತಾ? ಹಿಂದಿಯ ಕೆಳಗೆ. 2011ರಲ್ಲಿ ದೇಶದಲ್ಲಿ ಲಮಾಣಿ ಅಥವಾ ಲಂಬಾಡಿ ಅಂತ ಬರೆಸಿದವರು 32 ಲಕ್ಷಕ್ಕೂ ಹೆಚ್ಚು. ಅವರೆಲ್ಲ ಹಿಂದಿಯವರ ಲೆಕ್ಕಕ್ಕೆ ಜಮಾ. 5 ಕೋಟಿ ಭೋಜ್‌ಪುರಿ, 2.5 ಕೋಟಿ ರಾಜಸ್ಥಾನಿ ಕೂಡ ಹಾಗೆಯೇ. ಹಿಂದಿಯ 52 ಕೋಟಿಯಲ್ಲಿ ‘ಹಿಂದಿ’ ಅಂತಲೇ ಬರೆಸಿದವರು 32 ಕೋಟಿ. ಹಿಂದಿ ಹೇರಿಕೆ ವಿರುದ್ಧ ಮಾತಾಡುವಾಗ ನಾವೆಲ್ಲ ಈ ಅಂಕಿ ಬಳಸ್ತೀವಿ. ಬಳಸಲೇಬೇಕು, ಅದು ಸರಿಯಾದ ವಾದ.

ಆದರೆ ಕನ್ನಡದ ಲೆಕ್ಕವನ್ನೂ ಬಿಚ್ಚಿ ನೋಡಿ. 4.37 ಕೋಟಿ ಕನ್ನಡಿಗರ ಸಂಖ್ಯೆಯೊಳಗೆ ನೀಲಗಿರಿಯ 1.33 ಲಕ್ಷ ಬಡಗರಿದ್ದಾರೆ. ‘ಕುರುಬ/ಕುರುಂಬ’ ಅಂತ ಬರೆಸಿದ 24 ಸಾವಿರ ಜನ ಇದ್ದಾರೆ. ಬಡಗ ಬೇರೆ ಭಾಷೆ ಅಂತ ಭಾಷಾವಿಜ್ಞಾನಿಗಳೂ ಹೇಳ್ತಾರೆ, ಬಡಗರೂ ಹೇಳ್ತಾರೆ. ಹೀಗೆ ನುಂಗುವುದರಲ್ಲಿ ಕನ್ನಡ ಹಿಂದಿಗಿಂತ ಸಣ್ಣದು ನಿಜ. ನುಂಗುವ ಕ್ರಮ ಮಾತ್ರ ಒಂದೇ.

‘ಅವೆಲ್ಲ ಕನ್ನಡದ ಉಪಭಾಷೆಗಳಲ್ವಾ, ಬೇರೆ ಮಾಡಿದ್ರೆ ಕನ್ನಡ ದುರ್ಬಲ ಆಗಲ್ವಾ’ ಅಂತ ಸ್ನೇಹಿತರು ಕೇಳ್ತಾರೆ. ಪ್ರಾಮಾಣಿಕ ಆತಂಕ ಅದು. ಆದರೆ 4 ಕೋಟಿ 37 ಲಕ್ಷದಲ್ಲಿ ಒಂದೂವರೆ ಲಕ್ಷ ತೆಗೆದ್ರೆ ಕನ್ನಡಕ್ಕೆ ಆಗೋ ನಷ್ಟ ಅರ್ಧ ಪರ್ಸೆಂಟಿಗಿಂತ ಕಡಿಮೆ. ಸೇರಿಸಿಕೊಂಡ್ರೆ ಆ ಸಣ್ಣ ಭಾಷೆಗೆ ಆಗೋ ನಷ್ಟ ನೂರಕ್ಕೆ ನೂರು. ಇನ್ನೊಂದು ಮಾತು: ದೆಹಲಿ ನಮಗೆ ಮಾಡೋದನ್ನು ನಾವು ಸೋಲಿಗರಿಗೆ, ಕೊರಗರಿಗೆ ಮಾಡಿದ್ರೆ ದೆಹಲಿ ವಿರುದ್ಧ ನಮ್ಮ ವಾದಕ್ಕೆ ನೈತಿಕ ಬಲ ಎಲ್ಲಿಂದ ಬರುತ್ತೆ?

ಈಗ ಏನು ಮಾಡಬಹುದು

2025ರ ಜೂನ್ 16ರ ಅಧಿಸೂಚನೆ ಪ್ರಕಾರ ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಆಧಾರ ದಿನ. ಮೊಬೈಲ್ ಆ್ಯಪ್ ಮೂಲಕ ನಡೆಯುವ ಮೊದಲ ಡಿಜಿಟಲ್ ಗಣತಿ ಇದು. ನಾವೇ ನಮ್ಮ ವಿವರ ತುಂಬುವ ಅವಕಾಶವೂ ಇದೆ. ಜಾತಿ ಕಾಲಂ ಬಗ್ಗೆ ರಾಜ್ಯದಲ್ಲಿ ಬೇಕಾದಷ್ಟು ಚರ್ಚೆ ಆಗಿದೆ, ಆಗಬೇಕಾದದ್ದೇ. ಭಾಷಾ ಕಾಲಂ ಬಗ್ಗೆ ಯಾವ ಪಕ್ಷವೂ ತುಟಿ ಬಿಚ್ಚಿಲ್ಲ.

ಕೇಳಬೇಕಾದ್ದು ದೊಡ್ಡದೇನಲ್ಲ. ಮೊದಲನೆಯದು, ಆ್ಯಪ್‌ನಲ್ಲಿ ಭಾಷೆಗಳ ಸಿದ್ಧ ಪಟ್ಟಿ ಇದ್ದರೆ, ಅದರಲ್ಲಿ ಇಲ್ಲದ ಹೆಸರನ್ನು ಟೈಪ್ ಮಾಡೋಕೆ ಜಾಗ ಇರಲೇಬೇಕು. ಪಟ್ಟಿಯಲ್ಲಿ ‘ಕೊರಗ’ ಕಾಣದಿದ್ರೆ ಗಣತಿದಾರರು ‘ತುಳು’ ಒತ್ತಿ ಮುಂದೆ ಹೋಗೋದು ಸಹಜ. ಎರಡನೆಯದು, ಹತ್ತು ಸಾವಿರಕ್ಕಿಂತ ಕಡಿಮೆ ಇರುವ ಮಾತೃಭಾಷೆಗಳ ಅಂಕಿಯನ್ನೂ ಪ್ರಕಟಿಸಬೇಕು. ಡಿಜಿಟಲ್ ಗಣತಿಯಲ್ಲಿ ಇನ್ನೊಂದಿಷ್ಟು ಸಾಲು ಸೇರಿಸೋಕೆ ಕಾಗದವೂ ಖರ್ಚಾಗಲ್ಲ. ಮೂರನೆಯದು, ಗಣತಿದಾರರ ತರಬೇತಿ. ಜನ ಹೇಳಿದ ಭಾಷೆಯನ್ನು ಹಾಗೇ ಬರೆದುಕೊಳ್ಳಬೇಕು, ಅದು ಭಾಷೆಯೋ ಉಪಭಾಷೆಯೋ ಅಂತ ಗಣತಿದಾರರು ತೀರ್ಮಾನಿಸಬಾರದು ಅನ್ನೋ ಸೂಚನೆ 2011ರಲ್ಲೇ ಇತ್ತು. ಒಳ್ಳೇ ನಿಯಮ. ಅದು ಕೈಪಿಡಿಯಿಂದ ಮನೆ ಬಾಗಿಲಿಗೆ ಬರಬೇಕು, ಅಷ್ಟೇ.

ರಾಜ್ಯ ಸರ್ಕಾರಕ್ಕೂ ಕೆಲಸ ಇದೆ. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ಕೊಟ್ಟ ವರದಿ ಐದನೇ ತರಗತಿವರೆಗೆ ‘ಕನ್ನಡ ಅಥವಾ ಮಾತೃಭಾಷೆ’ ಮಾಧ್ಯಮ ಇರಬೇಕು ಅಂದಿದೆ. ಆ ‘ಅಥವಾ’ದ ಆಚೆಗೆ ಉರ್ದು, ಮರಾಠಿ, ತಮಿಳು ಮಾತ್ರ ಇದೆಯೋ, ಕೊರಗ, ಸೋಲಿಗ, ಎರವ, ಲಂಬಾಣಿಗೂ ಜಾಗ ಇದೆಯೋ? ಇಡೀ ಪಠ್ಯಕ್ರಮ ಆ ಭಾಷೆಗಳಲ್ಲಿ ಮಾಡಿ ಅಂತ ನಾನು ಹೇಳ್ತಿಲ್ಲ. ಅಂಗನವಾಡಿಯಲ್ಲಿ ಆ ಭಾಷೆ ಬಲ್ಲ ಒಬ್ಬ ಅಕ್ಕ ಇರಲಿ. ಮಗು ತನ್ನ ಮಾತಲ್ಲಿ ನೀರು ಕೇಳಿದ್ರೆ ಉಳಿದ ಮಕ್ಕಳು ನಗದೇ ಇರೋ ಹಾಗೆ ಆಗಲಿ. ತಮ್ಮ ಮಗುವಿನ ಮಾತೃಭಾಷೆ ಯಾವುದು ಅಂತ ತೀರ್ಮಾನಿಸೋ ಹಕ್ಕು ಪೋಷಕರದು ಅಂತ ಸುಪ್ರೀಂ ಕೋರ್ಟ್ 2014ರ ಮೇ 6ರಂದು ಹೇಳಿತು. ಕರ್ನಾಟಕದ್ದೇ ಪ್ರಕರಣ ಅದು. ಆ ತೀರ್ಪಿನ ಲಾಭ ಸಿಕ್ಕಿದ್ದು ಇಂಗ್ಲಿಷ್ ಮಾಧ್ಯಮದ ಶಾಲೆಗಳಿಗೆ. ಅದೇ ಹಕ್ಕನ್ನು ಕೊರಗರ ತಾಯಿಯೊಬ್ಬರು ಚಲಾಯಿಸಿದ್ರೆ ಯಾವ ಶಾಲೆ ಬಾಗಿಲು ತೆಗೆಯುತ್ತೆ?

ಕೊರಗ ಭಾಷೆ ಜಾರ್ಖಂಡಿನ ಕುಡುಖ್‌ಗೆ ತಂಗಿಯೋ, ಪಕ್ಕದ ತುಳುವಿಗೆ ಅಕ್ಕನೋ ಅನ್ನೋ ಪ್ರಶ್ನೆ ತೀರ್ಮಾನ ಆಗೋಕೆ ಇನ್ನೂ ಐವತ್ತು ವರ್ಷ ಹಿಡಿದ್ರೂ ನಷ್ಟ ಇಲ್ಲ, ಆ ಐವತ್ತು ವರ್ಷವೂ ಅದನ್ನು ಆಡೋ ಮಕ್ಕಳಿದ್ರೆ. ಇಲ್ಲದಿದ್ರೆ ಅದು ಇನ್ನೊಂದು ಇಸಿಲ. ಬಂಡೆ ಮೇಲೊಂದು ಹೆಸರು, ಕೆಳಗೆ ನಿಂತು ಅದು ಯಾರ ಮಾತು ಅಂತ ಜಗಳ ಆಡೋ ನಾವು.

ಗಣತಿದಾರರು ತಾಂಡಾಕ್ಕೆ, ಹಾಡಿಗೆ, ಕಾಲೊನಿಗೆ ಬಂದಾಗ ಅಲ್ಲಿನ ಓದಿದ ಹುಡುಗ ಹುಡುಗಿಯರು ಬಾಗಿಲಲ್ಲಿ ನಿಂತು ಒಂದು ಸಣ್ಣ ಕೆಲಸ ಮಾಡಬಹುದು. ‘ಅಜ್ಜಿ, ನಿನ್ನ ಅವ್ವ ನಿನ್ನ ಹತ್ರ ಯಾವ ಮಾತಾಡ್ತಿದ್ಲು?’ ಅಂತ ಮೊದಲು ಅಜ್ಜಿಯನ್ನು ಕೇಳಿ. ಅವರು ಹೇಳಿದ ಹೆಸರನ್ನೇ ಬರೆಸಿ. ಬರೆದುಕೊಂಡರೋ ಇಲ್ವೋ ಅಂತ ಪರದೆ ನೋಡಿ ಖಾತ್ರಿ ಮಾಡಿಕೊಳ್ಳಿ.